ದರಪಟ್ಟಿ ಆಮೇಲೆ, ಮೊದಲು ಮೀಟರ್ ಹತ್ತಿರ ಬನ್ನಿ

ದಿನದ ಹೊತ್ತಿಗೆ ತಕ್ಕಂತೆ ಕರೆಂಟಿನ ದರ ಬದಲಾಗುವ ಪದ್ಧತಿಯನ್ನು ಮನೆಯವರಿಗೆ ಅರ್ಥ ಮಾಡಿಸುವುದು ನನ್ನ ಕೆಲಸ. ಮನೆಗೆ ಹೋಗುತ್ತೇನೆ, ಬಿಲ್ ನೋಡುತ್ತೇನೆ, ಮೀಟರ್ ನೋಡುತ್ತೇನೆ, ಎಲ್ಲರ ಜೊತೆ ಕೂತು ಮಾತಾಡುತ್ತೇನೆ. ಇಷ್ಟು ವರ್ಷ ಮಾಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ದರಪಟ್ಟಿಯನ್ನು ಮುಂದಿಟ್ಟು ಮಾತು ಶುರು ಮಾಡಿದರೆ ಯಾರಿಗೂ ಏನೂ ತಲೆಗೆ ಹೋಗುವುದಿಲ್ಲ. ಮನೆಯಲ್ಲಿ ಕರೆಂಟನ್ನು ನಿಜವಾಗಿ ತಿನ್ನುವ ಎರಡು ಮೂರು ಸಾಮಾನು ಯಾವುವು ಅಂತ ಕಣ್ಣಿಗೆ ಕಂಡರೆ, ದರಪಟ್ಟಿ ತಾನಾಗೇ ಅರ್ಥವಾಗುತ್ತದೆ.

ಮೊದಲು ಬಿಡಿಸಬೇಕಾದ ಗಂಟು ‘ಪೀಕ್’ ಅನ್ನುವುದರದ್ದು. ಸುಮಾರು ಎಲ್ಲ ಮನೆಗಳಲ್ಲೂ ಈ ಪ್ರಶ್ನೆ ಬರುತ್ತದೆ: “ನಾವು ಬೆಳಿಗ್ಗೆ ಜಾಸ್ತಿ ಕರೆಂಟ್ ಬಳಸ್ತೀವಿ. ಹಾಗಾದ್ರೆ ನಮ್ಮ ಮನೆಗೆ ಬೆಳಿಗ್ಗೇನೇ ಪೀಕ್ ಅಲ್ವಾ?” ಅಲ್ಲ. ಪೀಕ್ ಅಂದರೆ ಒಂದು ಮನೆ ಜಾಸ್ತಿ ಬಳಸುವ ಹೊತ್ತಲ್ಲ, ಎಲ್ಲರೂ ಸೇರಿ ಜಾಸ್ತಿ ಬಳಸುವ ಹೊತ್ತು. ನಿಮ್ಮ ಮನೆ ಆ ಹೊತ್ತಿನಲ್ಲಿ ಬೀಗ ಹಾಕಿಕೊಂಡಿದ್ದರೂ ಪೀಕ್ ಪೀಕೇ.

ಆ ಹೊತ್ತಿಗೆ ದರ ಯಾಕೆ ಜಾಸ್ತಿ ಅಂತಲೂ ಕೇಳುತ್ತಾರೆ. ಕೇಳಬೇಕು ಕೂಡ. ಕರೆಂಟನ್ನು ಬಳಸುವ ಕ್ಷಣದಲ್ಲೇ ತಯಾರಿಸಬೇಕು. ಬ್ಯಾಟರಿಗಳಿವೆ, ನೀರನ್ನು ಮೇಲಕ್ಕೆ ಏರಿಸಿಟ್ಟು ಬೇಕಾದಾಗ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ಇದೆ. ಆದರೆ ಒಟ್ಟು ಬಳಕೆಯ ಮುಂದೆ ಅವುಗಳ ಪಾಲು ಇನ್ನೂ ಸಣ್ಣದು. ಹಾಗಾಗಿ ಸಂಜೆಯ ಎರಡು ಮೂರು ಗಂಟೆಗಾಗಿಯೇ ಹೆಚ್ಚುವರಿ ವಿದ್ಯುತ್ ಸ್ಥಾವರ ಸಿದ್ಧವಾಗಿರಬೇಕು. ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲವೂ ಆ ಹೊತ್ತಿನ ಭಾರ ತಡೆಯುವಷ್ಟು ದೊಡ್ಡದಿರಬೇಕು. ಆಫೀಸಿನ ಹೊತ್ತಿನ ನೂಕುನುಗ್ಗಲಿಗೆ ಅಂತ ಹೆಚ್ಚಿಗೆ ಬಸ್ ಕೊಂಡು, ಉಳಿದ ಹೊತ್ತು ಅವನ್ನು ಡಿಪೋದಲ್ಲಿ ನಿಲ್ಲಿಸಿಟ್ಟ ಹಾಗೆ. ನಿಂತ ಬಸ್ಸಿನ ಖರ್ಚನ್ನೂ ಯಾರೋ ಕೊಡಲೇಬೇಕಲ್ಲ. ಇಷ್ಟು ಹೇಳಿದರೆ ‘ಸುಮ್ನೆ ದುಡ್ಡು ಕೀಳೋಕೆ ಮಾಡಿದ್ದಾರೆ’ ಅನ್ನುವ ಸಿಟ್ಟು ಸ್ವಲ್ಪ ಇಳಿಯುತ್ತದೆ. ದರ ಎಷ್ಟಿರಬೇಕು ಅನ್ನುವುದು ಬೇರೆ ಚರ್ಚೆ. ಆ ಚರ್ಚೆ ಮಾಡುವ ಹಕ್ಕು ಬಳಕೆದಾರರಿಗೆ ಖಂಡಿತ ಇದೆ.

ಅಗ್ಗದ ಹೊತ್ತು ಯಾವುದು ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ‘ರಾತ್ರಿ ಕರೆಂಟ್ ಅಗ್ಗ’ ಅನ್ನುವ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಬ್ರಿಟನ್ನಿನಲ್ಲಿ 1978ರಲ್ಲಿ ಬಂದ ‘ಎಕಾನಮಿ 7’ ದರದಲ್ಲಿ ರಾತ್ರಿಯ 7 ಗಂಟೆ ಅಗ್ಗ. ರಾತ್ರಿಯಿಡೀ ನಿಲ್ಲಿಸಲಾಗದ ಸ್ಥಾವರಗಳ ಕರೆಂಟ್ ಆಗ ಮಿಗುತ್ತಿತ್ತು. ಸೌರ ವಿದ್ಯುತ್ ಹೆಚ್ಚಿದ ಕಡೆ ಕಥೆಯೇ ಬೇರೆ. ಅಲ್ಲಿ ಮಧ್ಯಾಹ್ನ ಕರೆಂಟ್ ತುಂಬಿ ತುಳುಕುತ್ತದೆ. ಸೂರ್ಯ ಇಳಿಯುವ ಹೊತ್ತಿಗೆ ಸರಿಯಾಗಿ ಜನ ಮನೆಗೆ ಬಂದು ಸ್ವಿಚ್ ಒತ್ತುತ್ತಾರೆ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಇದನ್ನೇ ನಕ್ಷೆಯಲ್ಲಿ ತೋರಿಸಿದರು. ಗೆರೆ ಬಾತುಕೋಳಿಯ ಆಕಾರದಲ್ಲಿದ್ದ ಕಾರಣ ಅದಕ್ಕೆ ‘ಡಕ್ ಕರ್ವ್’ ಅಂತಲೇ ಹೆಸರು ಬಿತ್ತು. ಅಲ್ಲಿ ಬಹುತೇಕ ಮನೆಗಳಿಗೆ ಸಂಜೆ 4ರಿಂದ 9 ದುಬಾರಿ ಹೊತ್ತು. ಭಾರತದಲ್ಲಿ 2023ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮವೂ ಇದೇ ದಾರಿ ಹಿಡಿದಿದೆ. ಬಿಸಿಲಿನ ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು, ಮನೆಗಳ ಪೀಕ್ ದರ ಕನಿಷ್ಠ 1.10 ಪಟ್ಟು ಇರಬೇಕು ಅನ್ನುತ್ತದೆ. ಹಾಗಾಗಿ ಪಕ್ಕದ ಊರಿನ ನೆಂಟರು ಹೇಳಿದ ಹೊತ್ತನ್ನು ನಂಬಬೇಡಿ. ನಿಮ್ಮ ಬಿಲ್ಲಿನಲ್ಲಿ ಏನಿದೆ ಅಂತ ನೋಡಿ.

ಇನ್ನು ಮೀಟರ್. ನನ್ನ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೇ.

ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ. ಕೆಲವದರಲ್ಲಿ 3200, ಕೆಲವದರಲ್ಲಿ 1600 ಅಥವಾ 1000. ಮನೆಯ ಒಬ್ಬರನ್ನು ಒಳಗೆ ಸ್ವಿಚ್ ಹತ್ತಿರ ನಿಲ್ಲಿಸುತ್ತೇನೆ. ಉಳಿದವರೆಲ್ಲ ನನ್ನ ಜೊತೆ ಮೀಟರ್ ಮುಂದೆ. ಫ್ರಿಜ್ ಸೇರಿ ಎಲ್ಲವನ್ನೂ ಕೆಲವು ನಿಮಿಷ ಆರಿಸಿ, ಒಂದೇ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿಸುತ್ತೇನೆ. 3200ರ ಮೀಟರ್ ಆದರೆ ಒಂದು ಮಿಣುಕು ಬರಲು ಎರಡು ನಿಮಿಷ ಕಾಯಬೇಕು. ಮಕ್ಕಳಿಗೆ ಬೇಜಾರಾಗಿ “ಕೆಟ್ಟೋಗಿದೆಯಾ?” ಅಂತ ಕೇಳುತ್ತಾರೆ. ಆಮೇಲೆ ಗೀಸರ್ ಹಾಕಿ ಅಂತ ಕೂಗುತ್ತೇನೆ. 2000 ವ್ಯಾಟಿನ ಗೀಸರ್ ಆದರೆ 10 ಸೆಕೆಂಡಿನಲ್ಲಿ 17-18 ಮಿಣುಕು. ಎಣಿಸಲು ಹೋದವರು ಲೆಕ್ಕ ತಪ್ಪುತ್ತಾರೆ.

ಆ ಕ್ಷಣದಲ್ಲಿ ಮುಖಗಳು ಬದಲಾಗುವುದನ್ನು ನೋಡಬೇಕು. ಅಷ್ಟು ದಿನ ಮಕ್ಕಳಿಗೆ “ಲೈಟ್ ಆರಿಸು, ಬಿಲ್ ಬರುತ್ತೆ” ಅಂತ ಬೈಯುತ್ತಿದ್ದ ಹಿರಿಯರೊಬ್ಬರು ಮೀಟರನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ, “ಅಲ್ಲಮ್ಮಾ, ಹಾಗಾದ್ರೆ ಇಷ್ಟು ದಿನ ನಾವು ಕತ್ತಲಲ್ಲಿ ಕೂತಿದ್ದು ಯಾಕೆ?” ಅಂದರು. ಬೇಡದ ದೀಪ ಆರಿಸುವುದು ಒಳ್ಳೆಯದೇ. ಆದರೆ ಪೀಕ್ ಹೊತ್ತಿನಲ್ಲಿ ಕತ್ತಲಲ್ಲಿ ಕೂತರೆ ಬಿಲ್ ಅಷ್ಟೇನೂ ಇಳಿಯುವುದಿಲ್ಲ.

ವ್ಯಾಟ್ ಬೇರೆ, ಯೂನಿಟ್ ಬೇರೆ ಅನ್ನುವುದನ್ನೂ ಅಲ್ಲೇ ನಿಂತು ಹೇಳುತ್ತೇನೆ. ವ್ಯಾಟ್ ಅಂದರೆ ಈ ಕ್ಷಣ ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವುದು. ಅಷ್ಟು ಜೋರಿನಲ್ಲಿ ಎಷ್ಟು ಹೊತ್ತು ಎಳೆಯಿತು ಅನ್ನುವುದನ್ನು ಸೇರಿಸಿದರೆ ಯೂನಿಟ್. 1000 ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಹೆಚ್ಚೂಕಡಿಮೆ ಒಂದು ಯೂನಿಟ್ ಬೇಕು. ಅದೇ ಒಂದು ಯೂನಿಟ್‌ನಲ್ಲಿ ಆ 9 ವ್ಯಾಟ್ ಬಲ್ಬ್ 110 ಗಂಟೆ ಉರಿಯುತ್ತದೆ. ಒಟ್ಟಿನಲ್ಲಿ ಬಿಸಿ ಮಾಡುವುದು, ತಂಪು ಮಾಡುವುದು, ದೊಡ್ಡ ಮೋಟಾರು ತಿರುಗಿಸುವುದು, ಗಾಡಿ ಚಾರ್ಜ್ ಮಾಡುವುದು, ಇವು ಭಾರದ ಕೆಲಸ. ಉಳಿದದ್ದು ಚಿಲ್ಲರೆ.

ಮೀಟರ್ ನೋಡಿ ಬಂದ ಮೇಲೆ ‘ಇದರಲ್ಲಿ ಯಾವುದನ್ನು ಬೇರೆ ಹೊತ್ತಿಗೆ ಸರಿಸಬಹುದು?’ ಅಂತ ಕೇಳುತ್ತೇನೆ. ಗೀಸರ್ ಇದ್ದರೆ ಅದರಿಂದಲೇ ಶುರು. ಟ್ಯಾಂಕ್ ಇರುವ ಗೀಸರಿನಲ್ಲಿ ನೀರು ಕೆಲವು ಗಂಟೆ ಬಿಸಿಯಾಗೇ ಇರುತ್ತದೆ. ಹಾಗಾಗಿ ಪೀಕ್ ಶುರುವಾಗುವ ಮೊದಲೇ ಕಾಯಿಸಿ ಆರಿಸಿಬಿಡಬಹುದು. ಸ್ನಾನದ ಹೊತ್ತು ಬದಲಾಗಬೇಕಿಲ್ಲ, ನೀರು ಕಾಯುವ ಹೊತ್ತು ಬದಲಾದರೆ ಸಾಕು. ನಲ್ಲಿ ತಿರುಗಿಸಿದಾಗ ಮಾತ್ರ ಕಾಯಿಸುವ ಇನ್‌ಸ್ಟಂಟ್ ಹೀಟರಿಗೆ ಈ ಉಪಾಯ ನಡೆಯುವುದಿಲ್ಲ.

ಎಲೆಕ್ಟ್ರಿಕ್ ಕಾರು ಇದ್ದರೆ ಮಾತೇ ಬೇಡ, ಮನೆಯಲ್ಲಿ ಸರಿಸಲು ಅದರಷ್ಟು ದೊಡ್ಡದು, ಅದರಷ್ಟು ಸುಲಭದ್ದು ಬೇರೆ ಇಲ್ಲ. ಒಮ್ಮೆಗೆ 20 ಯೂನಿಟ್ ತುಂಬಿಸಿಕೊಳ್ಳುತ್ತದೆ, ಯಾವ ಹೊತ್ತಿಗೆ ಅಂತ ಅದಕ್ಕೆ ಚಿಂತೆಯಿಲ್ಲ. ವಾಷಿಂಗ್ ಮೆಷಿನ್ ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಅದರ ಕರೆಂಟ್ ಬಹುಪಾಲು ನೀರು ಕಾಯಿಸಲಿಕ್ಕೇ ಹೋಗುತ್ತದೆ. ತಣ್ಣೀರಿನಲ್ಲಿ ಒಗೆದರೆ ಯಾವ ಹೊತ್ತಾದರೂ ಅಷ್ಟೇನೂ ವ್ಯತ್ಯಾಸವಿಲ್ಲ. ನೀರಿನ ಪಂಪ್, ಇಸ್ತ್ರಿ ಇವೂ ಸರಿಯುತ್ತವೆ. ಎಸಿಯನ್ನು ಪೂರ್ತಿ ಸರಿಸಲಾಗದು. ಪೀಕ್‌ಗೆ ಮೊದಲೇ ಕೋಣೆ ತಂಪು ಮಾಡಿ, ಪರದೆ ಎಳೆದು, ಪೀಕ್‌ನಲ್ಲಿ ಎರಡು ಡಿಗ್ರಿ ಮೇಲಕ್ಕೆ ಇಟ್ಟುಕೊಳ್ಳಬಹುದು. ಬಾಗಿಲು ಕಿಟಕಿ ಸಂದಿನಲ್ಲಿ ಗಾಳಿ ಆಡುವ ಮನೆಯಲ್ಲಿ ಇದರಿಂದ ಪ್ರಯೋಜನ ಕಡಿಮೆ.

ಫ್ರಿಜ್ಜನ್ನು ಮಾತ್ರ ಮುಟ್ಟಬೇಡಿ. ಪೀಕ್‌ನಲ್ಲಿ ಫ್ರಿಜ್ ಆರಿಸುವ ಮನೆಗಳನ್ನು ನೋಡಿದ್ದೇನೆ. ಒಳಗಿನದ್ದು ಕೆಡುವ ಭಯ ಒಂದು ಕಡೆ, ಮತ್ತೆ ಹಾಕಿದಾಗ ಅದು ಇನ್ನಷ್ಟು ಓಡಿ ತಂಪು ಮಾಡಿಕೊಳ್ಳಬೇಕು. ಹಾಗೆಯೇ ಊಟದ ಹೊತ್ತು ಬದಲಾಯಿಸಿ ಅಂತ ನಾನು ಯಾವ ಮನೆಯಲ್ಲೂ ಹೇಳುವುದಿಲ್ಲ. ಮನೆಯವರು ಒಟ್ಟಿಗೆ ಕೂರುವ ಹೊತ್ತನ್ನು ಬಿಲ್ಲಿಗಾಗಿ ಒಡೆಯುವುದು ನನಗೆ ಒಪ್ಪುವ ಮಾತಲ್ಲ. ಅಂಥ ಸಲಹೆ ಕೊಟ್ಟರೆ ಜನ ಒಂದು ವಾರ ಮಾಡಿ ಬಿಡುತ್ತಾರೆ, ಜೊತೆಗೆ ಗೀಸರಿನ ಮಾತನ್ನೂ ಬಿಡುತ್ತಾರೆ.

ಎಷ್ಟು ಉಳಿಯುತ್ತದೆ? ಇದಕ್ಕೆ ನೇರವಾಗಿ ಲೆಕ್ಕ ಹಾಕಿ ತೋರಿಸುವುದೇ ಸರಿ. ಪೀಕ್ ದರ ಉಳಿದ ಹೊತ್ತಿನ ಒಂದೂವರೆ ಪಟ್ಟು ಅಂತ ಇಟ್ಟುಕೊಳ್ಳೋಣ. ಮನೆ ದಿನಕ್ಕೆ 10 ಯೂನಿಟ್ ಬಳಸುತ್ತದೆ, ಅದರಲ್ಲಿ 4 ಪೀಕ್‌ನಲ್ಲಿ. ಅಗ್ಗದ ಒಂದು ಯೂನಿಟ್ಟಿನ ಬೆಲೆಯನ್ನು ಒಂದು ಪಾಲು ಅನ್ನೋಣ. ಆಗ ಅಗ್ಗದ 6 ಯೂನಿಟ್‌ಗೆ 6 ಪಾಲು, ಪೀಕ್‌ನ 4 ಯೂನಿಟ್‌ಗೆ 6 ಪಾಲು, ಒಟ್ಟು 12 ಪಾಲು ಖರ್ಚು. ಎರಡು ಯೂನಿಟ್ ಸರಿಸಿದರೆ 8 ಮತ್ತು 3, ಅಂದರೆ 11. ಶೇ. 8ರಷ್ಟು ಉಳಿತಾಯ. ಅದೂ ಬಳಕೆಯ ಮೊತ್ತದಲ್ಲಿ ಮಾತ್ರ, ಪ್ರತಿ ತಿಂಗಳ ನಿಗದಿತ ಶುಲ್ಕ ಇದ್ದ ಹಾಗೇ ಇರುತ್ತದೆ. ‘ಬಿಲ್ ಅರ್ಧ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದನ್ನೂ ಗಮನಿಸಿ. ಪೀಕ್‌ನ ಒಂದು ಯೂನಿಟ್ ಸರಿಸಿದರೆ ಅರ್ಧ ಪಾಲು ಉಳಿಯುತ್ತದೆ. ಆ ಯೂನಿಟ್ಟೇ ಬೇಡ ಅಂತ ಮಾಡಿದರೆ ಒಂದೂವರೆ ಪಾಲು ಉಳಿಯುತ್ತದೆ. ಸರಿಸುವುದಕ್ಕಿಂತ ಕಡಿಮೆ ಮಾಡುವುದು ಯಾವಾಗಲೂ ಮೇಲು. ಅಗ್ಗದ ಹೊತ್ತು ಅಂತ ಜಾಸ್ತಿ ಬಳಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ದಿನಾ ನೆನಪಿಟ್ಟುಕೊಂಡು ಸ್ವಿಚ್ ಒತ್ತುವುದು ಕಷ್ಟ, ಹಾಗಾಗಿ ಟೈಮರ್ ಹಾಕಿಸಿಕೊಳ್ಳುವವರೇ ಜಾಸ್ತಿ. ಇಲ್ಲಿ ಎರಡು ವಿಷಯ ನೋಡಲೇಬೇಕು. 2000 ವ್ಯಾಟಿನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಣ್ಣ ಪ್ಲಗ್ಗಿನ ಟೈಮರ್ ಇದಕ್ಕೆ ಸಾಲದು, ಬಿಸಿಯಾಗಿ ಕರಗಬಹುದು. 16 ಆಂಪಿಯರಿನದ್ದೇ ಬೇಕು, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಎರಡನೆಯದು, ಬ್ಯಾಟರಿ ಇಲ್ಲದ, ತಿರುಗುವ ಚಕ್ರದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಎರಡು ಗಂಟೆ ಹಿಂದೆ ಬೀಳುತ್ತದೆ. ಪೀಕ್‌ಗೆ ಮೊದಲು ಆರಬೇಕಾದ ಗೀಸರ್ ಪೀಕ್ ನಡುವೆಯೇ ಉರಿಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. “ಟೈಮರ್ ಹಾಕಿದ್ರೂ ಬಿಲ್ ಜಾಸ್ತಿ ಬಂತು” ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದೇ ಆ ಚಕ್ರದಲ್ಲಿ ಈಗ ಗಂಟೆ ಎಷ್ಟು ತೋರಿಸುತ್ತಿದೆ ಅಂತ.

ಅಗ್ಗದ ಹೊತ್ತು ಶುರುವಾಗುವ ನಿಮಿಷಕ್ಕೇ ಟೈಮರ್ ಇಡಬೇಡಿ ಅಂತಲೂ ಹೇಳುತ್ತೇನೆ. ಎಲ್ಲರೂ ಹಾಗೆ ಇಟ್ಟರೆ ಆ ನಿಮಿಷದಲ್ಲಿ ಇನ್ನೊಂದು ಪೀಕ್ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ 2022ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಮನೆಯ ಹೊಸ ಕಾರ್ ಚಾರ್ಜರ್‌ಗಳು 10 ನಿಮಿಷದೊಳಗೆ ಒಂದೊಂದು ಒಂದೊಂದು ಹೊತ್ತಿಗೆ ಶುರುವಾಗುವಂತೆ ಇರಬೇಕು. ನಾವು ಕೈಯಾರೆ 20 ನಿಮಿಷ, ಅರ್ಧ ಗಂಟೆ ತಡ ಮಾಡಿ ಇಟ್ಟರೆ ಅದೇ ಕೆಲಸವಾಗುತ್ತದೆ. ಮೀಟರ್ ಗಡಿಯಾರಕ್ಕೂ ನಿಮ್ಮ ಗಡಿಯಾರಕ್ಕೂ ನಾಲ್ಕು ನಿಮಿಷ ವ್ಯತ್ಯಾಸ ಇದ್ದರೂ ತೊಂದರೆಯಿಲ್ಲ.

ಏನನ್ನೂ ಸರಿಸಲಾಗದ ಮನೆಗಳೂ ಇವೆ. ಹಾಸಿಗೆ ಹಿಡಿದವರು, ಆಮ್ಲಜನಕದ ಯಂತ್ರ, ಹಸುಗೂಸು, ಕೆಲಸದಿಂದ ಬಂದಾಗಲೇ ಪೀಕ್ ಶುರುವಾಗುವ ಒಂಟಿ ದುಡಿಮೆಗಾರರು. ಇವರ ಹತ್ತಿರ ‘ಸ್ವಲ್ಪ ಪ್ರಯತ್ನಪಡಿ’ ಅನ್ನುವುದು ಅನ್ಯಾಯ. ವೈದ್ಯಕೀಯ ಯಂತ್ರ ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೇ ನಡೆಯಬೇಕು, ದರ ಎಷ್ಟಿದ್ದರೂ ಸರಿ. ಇಂಥ ಮನೆಗಳಿಗೆ ಒಂದೇ ದರದ ಆಯ್ಕೆ ಉಳಿದಿದೆಯಾ, ರಿಯಾಯಿತಿ ಇದೆಯಾ ಅಂತ ವಿದ್ಯುತ್ ಕಂಪನಿಯನ್ನು ಲಿಖಿತವಾಗಿ ಕೇಳಲು ಅರ್ಜಿ ಬರೆದುಕೊಡುತ್ತೇನೆ. ಎರಡೂ ದರದಲ್ಲಿ ಬಿಲ್ ಎಷ್ಟಾಗುತ್ತಿತ್ತು ಅನ್ನುವ ಹೋಲಿಕೆಯನ್ನೂ ಕೇಳಿ ಅನ್ನುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಮನೆಗಳನ್ನು ಈ ದರಕ್ಕೆ ಸೇರಿಸಿದಾಗ, ಮೊದಲ ವರ್ಷ ಹಳೆಯ ದರಕ್ಕಿಂತ ಜಾಸ್ತಿ ಕಟ್ಟಿದ್ದರೆ ಆ ವ್ಯತ್ಯಾಸವನ್ನು ವಾಪಸ್ ಕೊಡುವ ಏರ್ಪಾಡಿತ್ತು. ಎಲ್ಲ ಕಡೆಯೂ ಹೀಗೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ಬಿಲ್ ಬಂದ ಮೇಲೆ ಮತ್ತೆ ಆ ಮನೆಗೆ ಹೋಗುತ್ತೇನೆ. ಆಗ ನೋಡುವುದು ಕಟ್ಟಿದ ಮೊತ್ತವನ್ನಲ್ಲ. ಸೆಕೆ ಬಂದರೆ ಎಸಿ, ಚಳಿ ಬಂದರೆ ಗೀಸರ್, ನೆಂಟರು ಬಂದರೆ ಎಲ್ಲವೂ ಜಾಸ್ತಿ. ಮೊತ್ತ ಏರಿದೆ ಅಂದಮಾತ್ರಕ್ಕೆ ಮಾಡಿದ ಕೆಲಸ ಹಾಳಾಯಿತು ಅಂತಲ್ಲ. ಒಟ್ಟು ಯೂನಿಟ್‌ನಲ್ಲಿ ಪೀಕ್‌ನ ಪಾಲು ಎಷ್ಟು ಅಂತ ನೋಡಿ. ಮೊದಲು ಹತ್ತರಲ್ಲಿ ನಾಲ್ಕಿದ್ದದ್ದು ಈಗ ಮೂರಾಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಕೆಲವು ಕಡೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಪೀಕ್ ಹೊತ್ತು ಇರುತ್ತದೆ, ರಜಾದಿನಕ್ಕೆ ಬೇರೆ ಇರುತ್ತದೆ. ಅಂಥ ಕಡೆ ಗೀಸರ್ ಸ್ವಿಚ್ ಪಕ್ಕ ಅಂಟಿಸಿದ ಚೀಟಿಯಲ್ಲಿ ಹೊತ್ತಿನ ಜೊತೆ ಅದು ಯಾವ ತಿಂಗಳವರೆಗೆ ಅಂತಲೂ ಬರೆದುಬಿಡಿ.