ಆಫರ್ ಲೆಟರ್‌ನಲ್ಲಿ 4.8 ಲಕ್ಷ, ಕೈಗೆ ಬರೋದೆಷ್ಟು?

ಇಂಡಸ್ಟ್ರಿಯಲ್ ಎಂಜಿನಿಯರ್ (ಫ್ಯಾಕ್ಟರಿ ಕೆಲಸದಲ್ಲಿ ಸಮಯ, ಖರ್ಚು ಉಳಿಸೋ ದಾರಿ ಹುಡುಕೋರು) ಸಂಬಳ ಎಷ್ಟು ಅಂತ ಹುಡುಕಿದ್ರೆ ಮೊದ್ಲು ಕಣ್ಣಿಗೆ ಬೀಳೋದು ಅಮೆರಿಕದ ಲೆಕ್ಕ, ಅಲ್ಲಿನ ಸರ್ಕಾರದ ಮೇ 2024ರ ಅಂಕಿ ಪ್ರಕಾರ ಮೀಡಿಯನ್ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಮ್ಮಿ) ವರ್ಷಕ್ಕೆ 1,01,140 ಡಾಲರ್. ಅದನ್ನ ರೂಪಾಯಿ ಮಾಡ್ಕೊಂಡು ಮೈಸೂರು ಕಡೆ ಹೂಟಗಳ್ಳಿಯಲ್ಲೋ ನಂಜನಗೂಡಲ್ಲೋ ಸಿಕ್ಕ ಆಫರ್ ನೋಡಿ ಬೇಜಾರಾಗ್ಬೇಡಿ, ಅಲ್ಲಿನ ಮನೆ ಬಾಡಿಗೆ ಆಸ್ಪತ್ರೆ ಖರ್ಚು ಎಲ್ಲಾ ಬೇರೆನೇ. ಎನ್‌ಐಇ, ಎಸ್‌ಜೆಸಿಇ ಥರದ ಎಂಜಿನಿಯರಿಂಗ್ ಕಾಲೇಜು ಮುಗಿಸಿ ಬರೋ ನಮ್ಮ ಮಕ್ಕಳು ಮೊದ್ಲು ಕಲೀಬೇಕಾಗಿರೋದು ಸಿಟಿಸಿ, ಅಂದ್ರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಅದನ್ನ ಬಿಡಿಸಿ ನೋಡೋದು.

ಮೊದಲ ಕೆಲಸ, ಸೈನ್ ಮಾಡೋಕೆ ಮುಂಚೆ ಎಚ್‌ಆರ್ ಹತ್ರ ಸ್ಯಾಲರಿ ಬ್ರೇಕಪ್ ಕೇಳಿ. ಕೇಳಿದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ ಬೇಡ.

ಆಮೇಲೆ ಪೇಪರ್ ಪೆನ್ ತಗೊಳ್ಳಿ. ಸಿಟಿಸಿ 4.8 ಲಕ್ಷ ಅಂದ್ರೆ ತಿಂಗಳಿಗೆ 40,000. ಅದ್ರಲ್ಲಿ ಬೇಸಿಕ್ (ಮೂಲ ವೇತನ) 20,000 ಅಂತ ಇಟ್ಕೊಳ್ಳಿ, ಕಂಪನಿ ಕಟ್ಟೋ ಪಿಎಫ್ ಶೇ 12 ಅಂದ್ರೆ 2,400, ಗ್ರಾಚ್ಯುಟಿ (ಕೆಲಸ ಬಿಡೋವಾಗ ಸಿಗೋ ಮೊತ್ತ) ಸುಮಾರು 962, ವೇರಿಯಬಲ್ ಪೇ (ಕೆಲಸ, ಕಂಪನಿ ಲಾಭ ನೋಡಿ ಕೊಡೋ ಭಾಗ) ಶೇ 10 ಇದ್ರೆ 4,000, ಇವು ಮೂರೂ ತಿಂಗಳ ಸಂಬಳದಲ್ಲಿ ಬರಲ್ಲ. ಉಳಿದ 32,638ರಲ್ಲಿ ನಿಮ್ಮ ಪಾಲಿನ ಪಿಎಫ್ 2,400, ಪ್ರೊಫೆಷನಲ್ ಟ್ಯಾಕ್ಸ್ 200 ಹೋದ್ರೆ ಕೈಗೆ 30,038. ಪಿಎಫ್ ನಿಮ್ಮ ದುಡ್ಡೇ, ಅದಕ್ಕೆ ಚಿಂತೆ ಬೇಡ. ಆದ್ರೆ ಗ್ರಾಚ್ಯುಟಿ ಸಾಮಾನ್ಯವಾಗಿ 5 ವರ್ಷ ಸರ್ವಿಸ್ ಆದ್ಮೇಲೇ ಸಿಗೋದು, ವೇರಿಯಬಲ್ ಅಂತೂ ಗ್ಯಾರಂಟಿ ಇಲ್ಲ, ಹಾಗಾಗಿ ಎರಡು ಆಫರ್ ಹೋಲಿಸೋವಾಗ ಸಿಟಿಸಿ ಬಿಟ್ಟು ಈ ಕೊನೇ ನಂಬರ್ ನೋಡಿ.

ಶಿಫ್ಟ್ ಅಲೋಯನ್ಸ್, ಕ್ಯಾಂಟೀನ್, ಕಂಪನಿ ಬಸ್ ಇದ್ಯಾ ಕೇಳಿ. ಮಂಡ್ಯದಿಂದ ದಿನಾ ಓಡಾಡೋರಿಗೆ ಬಸ್ ಇದ್ರೆ ಅದೇ ದೊಡ್ಡ ಉಳಿತಾಯ. ಬಾಂಡ್ (ಇಷ್ಟು ವರ್ಷ ಕೆಲಸ ಬಿಡಲ್ಲ ಅನ್ನೋ ಕರಾರು) ಇದ್ರೆ ಎಷ್ಟು ವರ್ಷ, ಬಿಟ್ರೆ ಎಷ್ಟು ಕಟ್ಬೇಕು, ಬರವಣಿಗೆಯಲ್ಲೇ ತಗೊಳ್ಳಿ.

ಇನ್ನು ಸಂಬಳ ಜಾಸ್ತಿ ಮಾಡ್ಕೊಳ್ಳೋ ವಿಷ್ಯ. ಈ ಕೆಲಸದಲ್ಲಿ ಇರೋರಿಗೆ ಒಂದು ಅನುಕೂಲ ಇದೆ, ಮಾಡಿದ್ದನ್ನ ನಂಬರ್‌ನಲ್ಲಿ ತೋರಿಸ್ಬಹುದು. ಪ್ರೆಸ್ ಮೆಷಿನ್‌ನಲ್ಲಿ ಡೈ (ಅಚ್ಚು) ಚೇಂಜ್‌ಗೆ 45 ನಿಮಿಷ ಹಿಡೀತಿತ್ತು, ನೀವು ಟೈಮ್ ಸ್ಟಡಿ ಮಾಡಿ (ಯಾವ ಹಂತಕ್ಕೆ ಎಷ್ಟು ಹೊತ್ತು ಅಂತ ಅಳೆದು), ಬೋಲ್ಟು ಸ್ಪ್ಯಾನರ್ ಎಲ್ಲಾ ಮೊದ್ಲೇ ಟ್ರಾಲಿಯಲ್ಲಿ ಜೋಡ್ಸಿ 20ಕ್ಕೆ ಇಳಿಸಿದ್ರಿ ಅನ್ಕೊಳ್ಳಿ, ದಿನಕ್ಕೆ 4 ಸಲ ಚೇಂಜ್ ಅಂದ್ರೆ 100 ನಿಮಿಷ ಮೆಷಿನ್ ಟೈಮ್ ಉಳೀತು. ಆ ಮೆಷಿನ್ನಿನ ಗಂಟೆ ರೇಟ್ ಅಕೌಂಟ್ಸ್‌ನವರ ಹತ್ರ ಕೇಳಿ ರೂಪಾಯಿಗೆ ತನ್ನಿ, ಹಿಂದಿನ ರೀಡಿಂಗು ಈಗಿನ ರೀಡಿಂಗು ಎರಡೂ ಒಂದೇ ಶೀಟಲ್ಲಿ ಹಾಕಿ, ಜೊತೆಗೆ ಕೆಲಸ ಮಾಡಿದ ಆಪರೇಟರ್‌ಗಳ ಹೆಸರೂ ಬರೀರಿ, ಅವ್ರ ಪಾಲೂ ಅದ್ರಲ್ಲಿದೆ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಆಗೋದಾದ್ರೆ ಜನವರಿಯಲ್ಲೇ ಆ ಶೀಟು ಮ್ಯಾನೇಜರ್ ಕೈಗೆ ಕೊಡಿ, ಮಾರ್ಚ್ ಕೊನೇಲಿ ಕೊಟ್ರೆ ಅಷ್ಟೊತ್ತಿಗೆ ಪರ್ಸೆಂಟೇಜ್ ಎಲ್ಲಾ ಫಿಕ್ಸ್ ಆಗಿರತ್ತೆ.