ಕೇಳದಿದ್ದರೂ ಹೇಳಬೇಕೇ? ಹಳೆಯ ಕಾರು ಮಾರುವ ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಂಡು ಮಾರುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ, ‘ಗಾಡಿಗೆ ಆಕ್ಸಿಡೆಂಟ್ ಆಗಿದೆಯೇ?’ ಎಂದು ಗ್ರಾಹಕರು ಕೇಳಿದರೆ ‘ಇಲ್ಲ’ ಎಂಬ ಉತ್ತರ ನನ್ನ ಬಾಯಿಂದ ಯೋಚನೆಯಿಲ್ಲದೆ ಹೊರಡುತ್ತಿತ್ತು. ನನಗೆ ಕಾರು ಕೊಟ್ಟವರು ಹಾಗೆಂದಿರುತ್ತಿದ್ದರು, ನಾನು ಅದನ್ನೇ ಮುಂದಕ್ಕೆ ದಾಟಿಸುತ್ತಿದ್ದೆ. ಹೀಗೆ ಮಾರಿದ ಒಂದು ಸೆಡಾನ್ ಕೆಲವೇ ವಾರಗಳಲ್ಲಿ ನನ್ನ ಬಾಗಿಲಿಗೆ ಮರಳಿ ಬಂತು. ಹಿಂದಿನ ಟೈರುಗಳ ಒಳ ಅಂಚು ಮಾತ್ರ ಸವೆಯುತ್ತಿದ್ದುದರಿಂದ ಕೊಂಡವರು ಅದನ್ನು ಅಲೈನ್‌ಮೆಂಟ್‌ಗೆ ಒಯ್ದಿದ್ದರು. ಅಲ್ಲಿನ ಮೆಕ್ಯಾನಿಕ್ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯ ತಗಡು ಒಮ್ಮೆ ಮುದುಡಿ, ಅದನ್ನು ಬಡಿದು ನೇರ ಮಾಡಿದ್ದ ಗುರುತುಗಳನ್ನು ತೋರಿಸಿದ್ದ. ನಾನು ಬೇಕೆಂದೇ ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದೆ. ಕಾರನ್ನು ಹಿಂದಕ್ಕೆ ಪಡೆದು ಹಣ ಮರಳಿಸಿದೆ.

ಆಗ ಕಾನೂನು ಏನು ಹೇಳುತ್ತದೆ ಎಂದು ಓದಲು ಕುಳಿತೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಕಾರಿನ ಮಾತಿಲ್ಲ, ಕುದುರೆಯ ಮಾತಿದೆ. ದೋಷವಿರುವ ಕುದುರೆಯನ್ನು ಅದು ಗೊತ್ತಿದ್ದೂ ಏನೂ ಹೇಳದೆ ಹರಾಜಿನಲ್ಲಿ ಮಾರಿದವನು ವಂಚಕನಲ್ಲ ಎಂದು 17ನೇ ಕಲಂ ಉದಾಹರಿಸುತ್ತದೆ. ಆದರೆ ಕೊಳ್ಳುವವನು ‘ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ’ ಎಂದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ನನಗೆ ಚುಚ್ಚಿದ್ದು ಮಾತ್ರ ಮುಂದಿನ 18ನೇ ಕಲಂ: ತನ್ನಲ್ಲಿರುವ ಮಾಹಿತಿ ಸಮರ್ಥಿಸದ ರೀತಿಯಲ್ಲಿ ಸತ್ಯವಲ್ಲದ ಸಂಗತಿಯನ್ನು ಖಚಿತವಾಗಿ ಹೇಳಿದರೆ, ಹೇಳಿದವನು ಅದನ್ನು ಸತ್ಯವೆಂದೇ ನಂಬಿದ್ದರೂ ಅದು ತಪ್ಪು ನಿರೂಪಣೆ. ನನ್ನ ‘ಇಲ್ಲ’ ಸರಿಯಾಗಿ ಅಲ್ಲಿಯೇ ಬಂದು ಕೂರುತ್ತಿತ್ತು.

ಬೇರೆ ದೇಶಗಳ ನಿಯಮಗಳೂ ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ 1985ರಿಂದ ಜಾರಿಯಲ್ಲಿರುವ ಒಕ್ಕೂಟ ಸರ್ಕಾರದ ನಿಯಮದಂತೆ ವ್ಯಾಪಾರಿಯು ಪ್ರತಿ ಹಳೆಯ ಕಾರಿಗೂ, ವಾರಂಟಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಸುವ ಚೀಟಿಯನ್ನು ಅಂಟಿಸಬೇಕು. ವಾಹನದ ಇತಿಹಾಸದ ವರದಿ ತೆಗೆಸಿ ನೋಡಿ ಎಂಬ ಸಲಹೆಯೂ ಈಗ ಅದರಲ್ಲಿದೆ, ಆದರೆ ಅಪಘಾತದ ವಿವರವನ್ನು ವ್ಯಾಪಾರಿ ತಾನಾಗಿ ಬರೆಯಬೇಕೆಂದು ಆ ನಿಯಮ ಹೇಳುವುದಿಲ್ಲ. ಉಳಿದದ್ದು ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಬ್ರಿಟನ್ನಿನ ದಾರಿ ಬೇರೆ: ಗ್ರಾಹಕನ ನಿರ್ಧಾರವನ್ನು ಬದಲಿಸಬಹುದಾದ ಮುಖ್ಯ ಮಾಹಿತಿಯನ್ನು ವ್ಯಾಪಾರಿ ಬಿಟ್ಟುಬಿಡುವುದೇ ಅಲ್ಲಿ ಅನುಚಿತ ವ್ಯಾಪಾರವೆನಿಸಬಹುದು. ನನಗೆ ಈ ಎರಡನೆಯ ಅಳತೆಯೇ ಸರಿಯೆನಿಸಿತು. ಏಕೆಂದರೆ ದಿನಬೆಳಗಾದರೆ ಕಾರು ನೋಡುವವನ ಕಣ್ಣು ಮತ್ತು ಜೀವಮಾನದಲ್ಲಿ ಎರಡೋ ಮೂರೋ ಕಾರು ಕೊಳ್ಳುವವರ ಕಣ್ಣು ಒಂದೇ ಅಲ್ಲ.

ಹೇಳಬೇಕಾದರೆ ಮೊದಲು ತಿಳಿಯಬೇಕಲ್ಲ. ಈಗ ಯಾವ ಕಾರು ಬಂದರೂ ಪೇಂಟಿನ ದಪ್ಪ ಅಳೆಯುವ ಮೀಟರನ್ನು ಪ್ರತಿ ತಗಡಿನ ಮೇಲೂ ನಾಲ್ಕೈದು ಕಡೆ ಇಡುತ್ತೇನೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಮತ್ತೆ ಬಣ್ಣ ಹೊಡೆದಿದ್ದರೆ ಅಂಕಿ ಏರುತ್ತದೆ, ಪುಟ್ಟಿ ಮೆತ್ತಿದ್ದರೆ 500 ದಾಟಿ ಸಾವಿರಕ್ಕೂ ಹೋಗುತ್ತದೆ. ಕಂಪನಿಯಿಂದ ಕಂಪನಿಗೆ ಬಣ್ಣದ ದಪ್ಪ ವ್ಯತ್ಯಾಸವಾಗುವುದರಿಂದ, ಬಿಡಿ ಅಂಕಿಗಿಂತ ಅದೇ ಕಾರಿನ ಎಡಬಾಗಿಲಿಗೂ ಬಲಬಾಗಿಲಿಗೂ ಇರುವ ಅಂತರವನ್ನೇ ನಾನು ಹೆಚ್ಚು ನಂಬುತ್ತೇನೆ. ಬಂಪರು ಪ್ಲಾಸ್ಟಿಕ್ ಆದ್ದರಿಂದ ನನ್ನ ಮೀಟರಿಗೆ ಅದು ದಕ್ಕುವುದಿಲ್ಲ.

ಆದರೂ ಬಣ್ಣವೆಂದರೆ ಚರ್ಮವಷ್ಟೇ, ನನಗೆ ಬೇಕಾದದ್ದು ಎಲುಬು. ಬಾನೆಟ್ ಎತ್ತಿ ಎರಡೂ ಪಕ್ಕದ ಏಪ್ರನ್ (ಮುಂದಿನ ಚಕ್ರಗಳ ಮೇಲಿನ ಒಳತಗಡು), ರೇಡಿಯೇಟರ್ ಹಿಡಿದಿರುವ ಚೌಕಟ್ಟು, ಕೆಳಗಿನ ಚಾಸಿಸ್ ತೋಳುಗಳನ್ನು ನೋಡುತ್ತೇನೆ. ಬಾಗಿಲಿನ ರಬ್ಬರ್ ಕಿತ್ತು, ಪಿಲ್ಲರಿನ (ಚಾವಣಿ ಹೊತ್ತ ಕಂಬದ) ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಸಮ ಅಂತರದಲ್ಲಿ ಉಳಿದಿವೆಯೇ ಎಂದು ಪರೀಕ್ಷಿಸುತ್ತೇನೆ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ತಾನಾಗಿ ಆರಬೇಕು. ಹೊತ್ತದೇ ಇದ್ದರೆ, ಅಥವಾ ಪ್ರತಿ ಸಲವೂ ಇನ್ನೊಂದು ದೀಪದ ಜೊತೆಗೇ ಆರಿದರೆ, ಏರ್‌ಬ್ಯಾಗಿನ ದೋಷ ಮುಚ್ಚಲು ಯಾರೋ ವೈರು ಮುಟ್ಟಿರುವ ಅನುಮಾನ ಬರುತ್ತದೆ. ಆಗ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸದೆ ಕಾರನ್ನು ಮಾರಾಟಕ್ಕೆ ಇಡುವುದಿಲ್ಲ.

ಇದೆಲ್ಲ ಮುಗಿದ ಮೇಲೆ ಒಂದು ಹಾಳೆ ಬರೆಯುತ್ತೇನೆ. ಅದರಲ್ಲಿ ‘ಅಪಘಾತವಾಗಿಲ್ಲ’ ಎಂಬ ಮಾತು ಎಲ್ಲಿಯೂ ಇರುವುದಿಲ್ಲ. ‘ಈ ಭಾಗಗಳನ್ನು ಪರೀಕ್ಷಿಸಿದ್ದೇನೆ, ದುರಸ್ತಿಯ ಗುರುತು ಕಂಡಿಲ್ಲ’ ಎಂದಷ್ಟೇ ಇರುತ್ತದೆ. ಕಂಡಿದ್ದರೆ ಎಲ್ಲಿ, ಎಷ್ಟು, ತಗಡು ಬದಲಾಗಿದೆಯೋ ಬಡಿದು ಸರಿಪಡಿಸಿದ್ದೋ ಎಂದು ಬರೆದು ಫೋಟೋ ಸೇರಿಸುತ್ತೇನೆ. ‘ಸಣ್ಣಪುಟ್ಟ ಕೆಲಸ’ ಎಂಬ ಪದವನ್ನು ನಾನು ಬಿಟ್ಟಿದ್ದೇನೆ; ಮುರಿದ ಏಪ್ರನ್ ಕೂಡ ಈ ವ್ಯಾಪಾರದಲ್ಲಿ ಸಣ್ಣಪುಟ್ಟದ್ದಾಗಿಬಿಡುತ್ತದೆ. ಬಂಪರಿನ ಗೀರಿಗೆ ಬಣ್ಣ ಹೊಡೆಸಿದ್ದನ್ನೂ ಬರೆಯಬೇಕೇ ಎಂದು ಬಹಳ ದಿನ ಯೋಚಿಸಿದೆ. ಬರೆಯುತ್ತೇನೆ, ಆದರೆ ಎಲುಬಿಗೆ ಬಿದ್ದ ಪೆಟ್ಟಿನ ಸಾಲಿನಲ್ಲಿ ಅದನ್ನು ಸೇರಿಸುವುದಿಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ತುಂಬಿದರೆ ದೊಡ್ಡದು ಚಿಕ್ಕದರ ಹಿಂದೆ ಅಡಗುತ್ತದೆ.

ಹಾಳೆ ಓದಿ ಎದ್ದುಹೋದವರು ಇದ್ದಾರೆ, ಅದನ್ನೇ ಹಿಡಿದು ಬೆಲೆ ಇಳಿಸಿದವರು ಇನ್ನೂ ಹೆಚ್ಚು. ನಷ್ಟವಾಗಿಲ್ಲವೆಂದರೆ ಸುಳ್ಳಾದೀತು. ಹಾಳೆಯ ಜೊತೆಗೆ, ನಿಮ್ಮದೇ ಮೆಕ್ಯಾನಿಕ್ಕನ್ನು ಕರೆತನ್ನಿ ಎಂದು ಪ್ರತಿಯೊಬ್ಬರಿಗೂ ಒತ್ತಾಯಿಸುತ್ತೇನೆ, ಏಕೆಂದರೆ ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿಯುವ ಅವಕಾಶವಿದ್ದವರಿಗೆ, ತಪ್ಪು ನಿರೂಪಣೆ ಅಥವಾ ವಂಚನೆಯ ಮೌನದ ಕಾರಣ ಕೊಟ್ಟು ಕರಾರು ರದ್ದುಪಡಿಸಲು ಅದೇ ಕಾಯ್ದೆಯ 19ನೇ ಕಲಂ ಬಿಡುವುದಿಲ್ಲ. ಇದನ್ನು ಮಾರುವವನೇ ಹೇಳುವುದು ವಿಚಿತ್ರವೆನಿಸಬಹುದು.

ನನಗೆ ಕಾರು ಕೊಡಲು ಬರುವವರಿಗೂ ಈಗ ಮೂರು ಪ್ರಶ್ನೆಗಳಿಗೆ ಬರಹದಲ್ಲಿಯೇ ಉತ್ತರ ಕೇಳುತ್ತೇನೆ: ವಿಮೆ ಕ್ಲೇಮ್ ಮಾಡಿದ್ದೀರಾ, ಏರ್‌ಬ್ಯಾಗ್ ತೆರೆದುಕೊಂಡಿತ್ತೇ, ಟಿಂಕರಿಂಗ್ (ತಗಡಿನ ದುರಸ್ತಿ) ಎಲ್ಲಿ ಮಾಡಿಸಿದಿರಿ? ಹಲವರು ಮೂರಕ್ಕೂ ‘ನೆನಪಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಆ ‘ನೆನಪಿಲ್ಲ’ವನ್ನು ಹಾಗೆಯೇ ನನ್ನ ಹಾಳೆಗೆ ಇಳಿಸಿ, ಕೊಳ್ಳುವವರ ಕೈಗೆ ಕೊಡುತ್ತೇನೆ.