ಹನೋಯ್‌ನಲ್ಲಿ ಆಗಸ್ಟ್ 15: ಮೂರು ಬಣ್ಣದ ಪುಂಡಿ ಕೊನೆಗೂ ಸರಿ ಬಂತು

ಪರದೇಶದಲ್ಲಿ, ಅದೂ ವಿಯೆಟ್ನಾಮಿನಲ್ಲಿ, ಪುಂಡಿ (ಅಕ್ಕಿ ತರಿಯ ಹಬೆ ಉಂಡೆ) ಬೇಯಿಸಿ ಸ್ವಾತಂತ್ರ್ಯ ದಿನ ಮಾಡ್ತೀವಿ ಅಂದಾಗ ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಬಳಗದಲ್ಲಿ ಒಬ್ರೂ ನಂಬ್ಲಿಲ್ಲ, ಯಾವ್ದಾದ್ರೂ ಇಂಡಿಯನ್ ಹೋಟೆಲಲ್ಲಿ ಥಾಲಿ ತಿಂದು ಬನ್ನಿ ಸಾಕು ಅಂದ್ರು. ಆ ದಾರಿ ನಾನೂ ಗೆಳೆಯನೂ ನೋಡಿದ್ದೇ. ಹಿಂದೆ ಬ್ಯಾಂಕಾಕಲ್ಲಿ ತಲೆಗೆ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟು ಬಫೆ ತಿಂದ್ವಿ, ಪ್ಲಾಸ್ಟಿಕ್ ಬಾವುಟ ಉಪ್ಪಿನಕಾಯಿ ಬಾಟ್ಲಿ ಪಕ್ಕ ಮಗುಚಿ ಬಿದ್ದಿತ್ತು, ನೋಡಿ ಹೊಟ್ಟೆ ಉರೀತು. ಇನ್ಮೇಲೆ ಏನೇ ಆದ್ರೂ ನಮ್ಮ ಕೈಯಿಂದ್ಲೇ ಅಂತ ಆವತ್ತೇ ತೀರ್ಮಾನ ಆಯ್ತು.

ಇಡ್ಲಿ ಯಾಕಲ್ಲ ಅಂದ್ರೆ, ಉದ್ದು ನೆನೆಸಿ ರುಬ್ಬಿ ಹುಳಿ ಬರ್ಸೋದು ತಿರುಗಾಟದಲ್ಲಿ ಆಗೋ ಕೆಲ್ಸ ಅಲ್ಲ. ಪುಂಡಿಗೆ ಅಕ್ಕಿ ತರಿ, ತೆಂಗಿನಕಾಯಿ, ಉಪ್ಪು ಇದ್ರೆ ಮುಗೀತು. ಬಣ್ಣದ್ದೇ ತಲೆನೋವು. ಊರಲ್ಲಿ ಟ್ರಯಲ್ ಮಾಡುವಾಗ ಕ್ಯಾರೆಟ್ ತುರಿದು ಹಾಕಿದ್ವಿ, ಚುಕ್ಕೆ ಚುಕ್ಕೆ ಬಂತು, ಆಮೇಲೆ ರಸ ಹಿಂಡಿ ತರಿಯನ್ನ ಆ ರಸದಲ್ಲೇ ಕುದಿಸಿ ಕಟ್ಟಿದಾಗ ಕೇಸರಿ ಒಂದೇ ಸಮ ಕೂತ್ಕೊಂಡ್ತು. ಪಾಲಕ್ ಮಾತ್ರ ಸತಾಯಿಸಿತು ಮಾರಾಯ್ರೇ, ಹಬೆಯಲ್ಲಿ ಅರ್ಧ ಗಂಟೆ ಇಟ್ರೆ ಹಸಿರು ಹೋಗಿ ಪಾಚಿ ಬಣ್ಣ, ಯಾರೋ ನಿಂಬೆ ಹಿಂಡಿ ಅಂದ್ರು, ಹುಳಿ ಬಿದ್ಮೇಲೆ ಇನ್ನೂ ಕೆಟ್ಟು ಎರಡು ಬ್ಯಾಚ್ ತಿಪ್ಪೆಗೆ ಹೋಯ್ತು. ಹನೋಯ್ ಮಾರ್ಕೆಟಲ್ಲಿ ಪಂಡಾನ್ ಎಲೆ ಸಿಕ್ತು, ಅದನ್ನ ಪಾಲಕ್ ಜೊತೆ ಅರೆದ್ರೆ ಪರಿಮಳವೂ ಬರತ್ತೆ. ಹಸಿರು ಉಳಿಸೋಕೆ ಇನ್ನೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ. ಮತ್ತೆ, ಪುಂಡಿ ಮೇಲೆ ಚಕ್ರ ಬಿಡಿಸೋಕೆ ಹೋಗ್ಬೇಡಿ, ತಿನ್ನೋ ಪದಾರ್ಥದ ಮೇಲೆ ಅಶೋಕ ಚಕ್ರ ನಂಗೆ ಸರಿ ಕಾಣಲ್ಲ.

ಬಾವುಟ ಹುಬ್ಬಳ್ಳಿ ಬೆಂಗೇರಿಯ ಖಾದಿದೇ, ಟೇಬಲ್ ಮೇಲಿಡೋ ಚಿಕ್ಕದು, 150ಕ್ಕೆ 100 ಮಿ.ಮೀ. 2021ರ ಕೊನೆಗೆ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿದೆ, ಆದ್ರೂ ಕನ್ನಡ ನಾಡಲ್ಲಿ ನೇಯ್ದು ಹೊಲಿಯೋದು ಬಿಟ್ಟು ಬೇರೆ ಯಾಕೆ ತಗೋಬೇಕು ಹೇಳಿ. ಬಟ್ಟೆಗಳ ಮಧ್ಯ ತುರುಕ್ಬೇಡಿ, ಗಟ್ಟಿ ಫೈಲಲ್ಲಿ ಮಡಿಸದೆ ಇಟ್ರೆ ಸುಕ್ಕಾಗಲ್ಲ.

ಬೆಳಿಗ್ಗೆ ಮೊದಲು ನಮ್ಮ ರಾಯಭಾರ ಕಚೇರಿ. ಪಾಸ್‌ಪೋರ್ಟ್ ಇಟ್ಕೊಂಡು ಬೇಗ ಹೋಗಿ, ರಾಯಭಾರಿ ಧ್ವಜ ಹಾರಿಸಿ ರಾಷ್ಟ್ರಪತಿ ಭಾಷಣ ಓದ್ತಾರೆ, ಖರ್ಚು ಟ್ಯಾಕ್ಸಿದು ಮಾತ್ರ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅಂದ್ರೆ ಕೆಂಪುಕೋಟೆಯ ಏಳೂವರೆ ಅಲ್ಲಿ ಒಂಬತ್ತು, ವಾಪಸ್ ಬರ್ತಾ ಫೋನಲ್ಲೇ ಪ್ರಧಾನಿ ಭಾಷಣ ಕೇಳಿದ್ವಿ. ಆಮೇಲೆ ಹೋಂಸ್ಟೇ ಅಡುಗೆಮನೆಯಲ್ಲಿ ರೈಸ್ ಕುಕ್ಕರಿನ ಹಬೆ ತಟ್ಟೆ ಮೇಲೆ ಬಾಳೆ ಎಲೆ ಹಾಸಿ ಮೂರು ಬಣ್ಣವೂ ಬೇರೆ ಬೇರೆ ಬೇಯಿಸಿದ್ವಿ. ಒಟ್ಟಿಗಿಟ್ರೆ ಬಣ್ಣ ಒಂದಕ್ಕೊಂದು ಇಳಿಯತ್ತೆ.

ಜನಗಣಮನ ಹಾಡುವಾಗ ಮನೆಯೊಡತಿ ತಾನಾಗೇ ಎದ್ದು ನಿಂತ್ರು. ಅವ್ರ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 2, ಕಾಗದದ ಮೇಲೆ 1945 ಅಂತ ಬರೆದ್ರು, ಪಕ್ಕದಲ್ಲಿ ನಾನು 1947 ಬರೆದೆ. ಆ ಕಾಗದ ಗೆಳೆಯನ ಪರ್ಸಲ್ಲಿ ಇದೆ.

ನಡುವೆ ಕಾಫಿ ಪ್ರಯೋಗವೂ ಆಯ್ತು. ಅವ್ರ ಫಿನ್ ಫಿಲ್ಟರಿಗೆ (ಲೋಟದ ಮೇಲಿಡೋ ಚಿಕ್ಕ ಕಾಫಿ ಫಿಲ್ಟರ್) ಮುಂಬೈನ ಮಾಟುಂಗಾದಿಂದ ಒಯ್ದ ಚಿಕೋರಿ ಬೆರೆಸಿದ ಕಾಫಿ ಪುಡಿ ಹಾಕಿದ್ರೆ ಡಿಕಾಕ್ಷನ್ ಬೇಗ ಇಳಿಯತ್ತೆ, ಆದ್ರೆ ತೆಳು. ಪುಡಿ ಜಾಸ್ತಿ ಹಾಕಿ ಒತ್ತಿ ಕೂರ್ಸಿ ನೋಡಿದ್ವಿ, ಆಗ ಒಂದು ಲೋಟಕ್ಕೆ ಇಪ್ಪತ್ತು ನಿಮಿಷ ಕಾಯ್ಬೇಕು. ನಮ್ಮ ಹಿತ್ತಾಳೆ ಫಿಲ್ಟರಿಗೆ ಸಮ ಇಲ್ಲ.

ಲೆಕ್ಕ ನೆನಪಿದ್ದಷ್ಟು: ಇ-ವೀಸಾ 25 ಡಾಲರ್, ಮುಂಬೈಯಿಂದ ಹೋಗಿ ಬರೋ ಟಿಕೆಟ್ ಇಪ್ಪತ್ನಾಲ್ಕು ಸಾವಿರದ ಹತ್ರ, ಕ್ಯಾರೆಟ್ ಪಾಲಕ್ ಕಾಯಿ ಎಲ್ಲ ಸೇರಿ ಅರವತ್ತು ಸಾವಿರ ಡಾಂಗ್ ಇರ್ಬೇಕು, ನಮ್ಮ ಇನ್ನೂರು ರೂಪಾಯಿ ಆಸುಪಾಸು. ಇಷ್ಟರಲ್ಲಿ ಆರು ಜನ ಹೊಟ್ಟೆ ತುಂಬ ತಿಂದ್ರು, ಒಡತಿಯ ಅಕ್ಕಪಕ್ಕದವ್ರೂ ಸೇರಿ. ಫೋಟೋ ನೋಡಿದ್ಮೇಲೆ ಡೊಂಬಿವಲಿಯವ್ರೆಲ್ಲ ಹಸಿರಿನ ಗುಟ್ಟು ಕೇಳ್ತಾ ಇದಾರೆ.

ಮುಂದಿನದು ಜನವರಿ 26, ಶ್ರೀಲಂಕಾ ಅಂತ ಇದೆ. ಅಲ್ಲಿ ತೆಂಗಿನಕಾಯಿಗೂ ತುರಿಮಣೆಗೂ ಹುಡುಕಾಡ್ಬೇಕಿಲ್ಲ, ತರಿ ಒಂದು ಹೊತ್ಕೊಂಡ್ರೆ ಸಾಕು.